ಖಾಲಿ ಬಿಟ್ಟ ಮೂಲೆ

ನಾನು ಮದುವೆಯಾಗಿ ಮುಂಬಯಿಯ ಕುರ್ಲಾದಲ್ಲಿ ಕೋಣೆಗೊಂದು ಸಂಸಾರವಿರುವ ಚಾಳಿಗೆ ಬಂದಾಗ ನನ್ನ ಯಜಮಾನರ ಹತ್ತಿರ ಸ್ವಂತದ್ದು ಅಂತ ಇದ್ದದ್ದು ಎರಡೇ. ಒಂದು, ಮೊಣಕಾಲು ದಾಟಿ ಇಳಿಯುವ ದಪ್ಪ ಉಣ್ಣೆಯ ಕೋಟು. ಇನ್ನೊಂದು, ಭೂಮಿಯ ನೆತ್ತಿಯ ಹತ್ತಿರ, ಮರವೆನ್ನುವುದೇ ಏಳದ ಬಯಲಿನಲ್ಲಿ, ನಾಲ್ಕು ಮೂಲೆಗೆ ನಾಲ್ಕು ಗೂಟ ಬಡಿದು ಬಿಟ್ಟುಬಂದ ಒಂದು ಗಜ ಚೌಕದ ನೆಲ. ಮುಂಬಯಿಯ ಸೆಕೆಯಲ್ಲಿ ಆ ಕೋಟನ್ನು ತೊಡುವ ಹಾಗಿರಲಿಲ್ಲ, ಆ ನೆಲಕ್ಕೆ ಹೋಗುವ ಹಾಗಂತೂ ಇರಲೇ ಇಲ್ಲ. ಹುಡುಗ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಾನೆ, ಪರದೇಶ ಕಂಡು ಬಂದವನು, ಸಿಟ್ಟು ಕಡಿಮೆ ಎಂದಷ್ಟೇ ಧಾರವಾಡದಲ್ಲಿ ನನ್ನ ಅಪ್ಪನಿಗೆ ಹೇಳಿದ್ದರು. ಈ ಆಸ್ತಿಯ ವಿಷಯದಲ್ಲಿ ಯಾರೂ ಬಾಯಿ ಬಿಟ್ಟಿರಲಿಲ್ಲ.

ಆ ಆಸ್ತಿ ಇರುವ ಸೀಮೆಯ ಹೆಸರು ಟಂಡ್ರಾ ಎಂದು ಮದುವೆಯಾದ ವಾರದೊಳಗೇ ನನಗೆ ಗೊತ್ತಾಯಿತು. ಎರಡನೆಯ ಮಹಾಯುದ್ಧ ಮುಗಿದ ಹೊಸತರಲ್ಲಿ ಅವರು ಪರದೇಶದಲ್ಲಿ ಓದುತ್ತಿದ್ದರು. ಅಲ್ಲಿಯ ಸಂಶೋಧಕರ ತಂಡವೊಂದು ಉತ್ತರಧ್ರುವದ ಕಡೆಯ ಗಿಡಗಳನ್ನು ನೋಡಲು ಹೊರಟಿತು. ಗಂಟು ಹೊರಲು ಒಬ್ಬ ಬೇಕೆಂದು ಇವರನ್ನೂ ಕರೆದುಕೊಂಡು ಹೋದರು. ಗಂಟು ಹೊರಲು ಎನ್ನುವುದು ನನ್ನ ಮಾತು. ಅವರು ಸಹಾಯಕನಾಗಿ ಎನ್ನುತ್ತಾರೆ. ಇದ್ದದ್ದು ಒಂದೇ ಒಂದು ಬೇಸಿಗೆ. ಆ ಬೇಸಿಗೆ ನಮ್ಮ ಮನೆಯಲ್ಲಿ ಮಾತ್ರ ಎಂದೂ ಮುಗಿಯಲಿಲ್ಲ. ಮಳೆಗಾಲದಲ್ಲೂ ಅದೇ ಬೇಸಿಗೆ, ದೀಪಾವಳಿಗೂ ಅದೇ ಬೇಸಿಗೆ. ಸಾರಿಗೆ ಉಪ್ಪು ಕಡಿಮೆಯಾಗಿದೆ ಎಂದು ಹೇಳಲು ಬಾಯಿ ತೆರೆದವರು ಉಪ್ಪಿನಿಂದ ಹಿಮಕ್ಕೆ ಹೋಗಿ, ಹಿಮದಿಂದ ಪಾಚಿಗೆ ಹೋಗಿ, ಸಾರು ಆರಿ ತಣ್ಣಗಾದ ಮೇಲೆ ಊಟಕ್ಕೆ ವಾಪಸು ಬರುತ್ತಿದ್ದರು.

ಅವರು ಹೇಳುವುದನ್ನು ಕೇಳಿದರೆ ಅಲ್ಲಿ ಇರುವುದೆಲ್ಲ ಕುಳ್ಳ. ವಿಲ್ಲೋ ಎಂಬ ಮರ ಇದೆಯಂತೆ. ಬೇರೆ ಕಡೆ ಮನೆಯೆತ್ತರ ಬೆಳೆಯುವ ಜಾತಿ, ಅಲ್ಲಿ ಹೆಬ್ಬೆರಳಿನಷ್ಟು. ಅಷ್ಟಾಗುವುದಕ್ಕೇ ಅದಕ್ಕೆ ಒಬ್ಬ ಮನುಷ್ಯನ ಆಯುಷ್ಯ ಹಿಡಿಯುತ್ತದೆ. ಬೇಸಿಗೆಯಲ್ಲಿ ಮೇಲಿನ ಒಂದು ಮೊಳ ಮಣ್ಣು ಕರಗಿ ಕೆಸರಾಗುತ್ತದೆ, ಅದರ ಕೆಳಗೆ ನೆಲ ಸದಾ ಕಾಲ ಗಡ್ಡೆ ಕಟ್ಟಿಯೇ ಇರುತ್ತದೆ. ಬೇರು ಇಳಿಯಲು ಜಾಗವಿಲ್ಲ, ಗಾಳಿಗೆ ಎದುರಾಗಿ ತಲೆಯೆತ್ತುವ ಧೈರ್ಯವಿಲ್ಲ. ಹಾಗಾಗಿ ಗಿಡಗಳೆಲ್ಲ ನೆಲಕ್ಕೆ ಅಂಟಿಕೊಂಡು, ಒಂದಕ್ಕೊಂದು ಒತ್ತಿಕೊಂಡು ಹೇಗೋ ಬದುಕುತ್ತವೆ.

"ಅಂದ್ರ ನಮ್ಮ ಚಾಳಿನ್ಹಂಗ," ಎಂದೆ ನಾನು.

ಅವರಿಗೆ ಈ ಮಾತು ಬಹಳ ಹಿಡಿಸಿತು. ಮಾರನೆಯ ದಿನ ಕ್ಲಾಸಿನಲ್ಲಿ ತಮ್ಮದೇ ಎನ್ನುವಂತೆ ಉಪಯೋಗಿಸಿ ಬಂದರು.

ಮನೆಯಲ್ಲಿ ನಾವಿಬ್ಬರಲ್ಲದೆ ನನ್ನ ಅತ್ತೆ ಇದ್ದರು. ಮಾವನವರು ವಿಜಾಪುರದಲ್ಲಿ ಶಾಲಾ ಮಾಸ್ತರರು. ಸೊಸೆಗೆ ಸಂಸಾರ ಕಲಿಸಿ ಬರುತ್ತೇನೆಂದು ಒಂದು ತಿಂಗಳ ಮಟ್ಟಿಗೆ ಮುಂಬಯಿಗೆ ಬಂದ ಅತ್ತೆ ಮುಂದೆ ವರ್ಷಗಟ್ಟಲೆ ಉಳಿದರು. ನಾನು ಅಷ್ಟು ನಿಧಾನವಾಗಿ ಕಲಿಯುತ್ತಿದ್ದೆನೋ, ಮಾವನವರಿಗೆ ಅಲ್ಲಿ ಅಷ್ಟು ನೆಮ್ಮದಿಯಿತ್ತೋ, ದೇವರಿಗೇ ಗೊತ್ತು. ಅತ್ತೆಗೆ ಮಗನ ಟಂಡ್ರಾ ಎಂದರೆ ಆಗುತ್ತಿರಲಿಲ್ಲ. ಆದರೆ ಅದರ ಕತೆ ಕೇಳದೆ ಇರಲೂ ಆಗುತ್ತಿರಲಿಲ್ಲ.

"ಅಲ್ಲಿ ಮತ್ತೇನಿರ್ತಾವೋ?" ಎಂದು ಒಂದು ದಿನ ಕೇಳಿದರು.

"ಸೊಳ್ಳಿ, ಅವ್ವಾ. ಮುಖದ ಮುಂದ ಕರೀ ಪರದೇ ಬಿಟ್ಟಂಗ ಬರ್ತಾವ."

"ಸೊಳ್ಳಿ ಕಡಿಸ್ಕೊಳ್ಳಿಕ್ಕೆ ಅಲ್ಲೀತನಕಾ ಯಾಕ ಹೋಗಬೇಕಿತ್ತಪಾ? ನಮ್ಮ ಕುರ್ಲಾದಾಗ ಏನ ಕಡಿಮಿ ಅವ?"

ಇನ್ನೊಂದು ದಿನ, ಅಲ್ಲಿ ಬೇಸಿಗೆಯಲ್ಲಿ ಸೂರ್ಯ ಮುಳುಗುವುದೇ ಇಲ್ಲ ಎಂದು ಇವರು ಹೇಳಿದಾಗ ಅತ್ತೆ ಅಕ್ಕಿ ಆರಿಸುವುದನ್ನು ನಿಲ್ಲಿಸಿದರು.

"ಮುಳಗೂದ ಇಲ್ಲ ಅಂದ್ರ, ಸಂಜೀ ಸಂಧ್ಯಾವಂದನಿ ಯಾವಾಗ ಮಾಡ್ತಿದ್ದಿ?"

ಇವರು ಒಮ್ಮೆಲೇ ಲೋಕಲ್ ರೈಲಿಗೆ ಹೊತ್ತಾಯಿತೆಂದು ಎದ್ದರು. ಅಂದು ಭಾನುವಾರ.

ತಮಾಷೆಯಲ್ಲಿ ಇಷ್ಟು ಹೇಳಿದೆ, ಆದರೆ ಅವರ ಕೊರಗು ತಮಾಷೆಯದಾಗಿರಲಿಲ್ಲ. ಆ ಗಿಡಗಳು ಅಷ್ಟು ನಿಧಾನ ಬೆಳೆಯುವುದರಿಂದ ಒಂದು ಸಲ ನೋಡಿ ಬರೆದುಕೊಂಡದ್ದು ಏನೂ ಅಲ್ಲ. ಹಲವು ವರ್ಷ ಬಿಟ್ಟು ಅದೇ ಚೌಕವನ್ನು ಮತ್ತೆ ನೋಡಬೇಕು. ಏನು ಬೆಳೆಯಿತು, ಏನು ಸತ್ತಿತು, ಯಾವುದು ಯಾವುದನ್ನು ತಳ್ಳಿ ಒಳಗೆ ಬಂತು ಎಂದು ತಾಳೆ ಹಾಕಬೇಕು. ಆಗಲೇ ಅದು ಸಂಶೋಧನೆ, ಅಲ್ಲಿಯವರೆಗೆ ಬರೀ ಪ್ರವಾಸ. ಅವರಿಗೆ ಇನ್ನೊಂದು ಸಲ ಹೋಗಬೇಕಿತ್ತು. ನಿದ್ದೆಯಲ್ಲಿ ಕೂಡ ಹೋಗಬೇಕಿತ್ತು. ಕರೆಯುವವರು ಮಾತ್ರ ಯಾರೂ ಇರಲಿಲ್ಲ.

ಕೆಲಸದ ಕೈ ತಪ್ಪಬಾರದೆಂದು ಇವರು ಇಲ್ಲಿಯೇ ಅಭ್ಯಾಸ ಇಟ್ಟುಕೊಂಡಿದ್ದರು. ಮರದ ಒಂದು ಚೌಕಟ್ಟು. ಅದಕ್ಕೆ ಉದ್ದಕ್ಕೂ ಅಡ್ಡಕ್ಕೂ ದಾರ ಕಟ್ಟಿರುತ್ತದೆ. ದಾರಗಳು ಕೂಡುವ ಒಂದೊಂದು ಜಾಗದಲ್ಲೂ ಸ್ವೆಟರ್ ಹೆಣೆಯುವ ಕಡ್ಡಿಯನ್ನು ನೆಟ್ಟಗೆ ಕೆಳಗೆ ಬಿಡಬೇಕು. ಅದರ ತುದಿ ಯಾವ ಗಿಡಕ್ಕೆ ತಾಗುತ್ತದೋ ಅದರ ಹೆಸರು ಬರೆದುಕೊಳ್ಳಬೇಕು. ಎಲ್ಲರ ಗಂಡಂದಿರೂ ಹೊಸ ಹೆಂಡತಿಯನ್ನು ಚೌಪಾಟಿಯ ಕಡಲತೀರಕ್ಕೆ ಕರೆದುಕೊಂಡು ಹೋದರೆ ನನ್ನವರು ಕಾಂದಿವಲಿಯ ಕಲ್ಲುಗುಡ್ಡಕ್ಕೆ ಕರೆದುಕೊಂಡು ಹೋದರು. ಮೊದಲ ಮಳೆಗೆ ಹುಲ್ಲು ಎದ್ದಿತ್ತು. ಇವರು ಹೊಟ್ಟೆಯ ಮೇಲೆ ಮಲಗಿ ಕಡ್ಡಿ ಬಿಡುವುದು, ನಾನು ಮದುವೆಯ ಸೀರೆಯಲ್ಲಿ ಕುಕ್ಕರುಗಾಲಲ್ಲಿ ಕುಳಿತು ಬರೆದುಕೊಳ್ಳುವುದು. ಆ ಕಡೆ ಹೊರಟಿದ್ದ ಇಬ್ಬರು ಮರಾಠಿ ಹೆಂಗಸರು ನಿಂತು ನೋಡಿ, ಹೊಸ ಸೊಸೆಯ ಮೂಗುತಿ ಬಿದ್ದು ಹೋಗಿದೆ ಎಂದುಕೊಂಡು ಪಾಪ, ತಾವೂ ಬಗ್ಗಿ ಹುಡುಕತೊಡಗಿದರು. ಇನ್ನೂ ನಾಲ್ಕು ಜನ ಸೇರಿದರು. ಇವರು ಎದ್ದು ಕುಳಿತು ಹರಕು ಮುರುಕು ಮರಾಠಿಯಲ್ಲಿ, ಏನೂ ಬಿದ್ದಿಲ್ಲ, ಹುಲ್ಲು ಎಣಿಸುತ್ತಿದ್ದೇನೆ ಎಂದರು. ಹಿರಿಯಳೊಬ್ಬಳು ನನ್ನ ಮುಖವನ್ನೂ ಮೂಗುತಿಯನ್ನೂ ನೋಡಿ, ಬೆನ್ನು ಸವರಿ ಹೋದಳು. ಅಷ್ಟು ಮರುಕವನ್ನು ನನ್ನ ತವರಿನವರೂ ತೋರಿಸಿರಲಿಲ್ಲ.

ಗ್ರಾಂಟ್ ರೋಡಿನಲ್ಲಿ ಇವರ ಕಾಲೇಜಿನ ಹತ್ತಿರ ಒಂದು ಉಡುಪಿ ಹೋಟೆಲಿತ್ತು. ಅದರ ಮಾಲೀಕರಿಗೂ ಈ ಕತೆ ಬಾಯಿಪಾಠ. ಇವರು ಮೆಟ್ಟಿಲು ಹತ್ತಿದ ಕೂಡಲೇ ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ ಕೂಗುತ್ತಿದ್ದರು: "ಬನ್ನಿ ಮಾರಾಯ್ರೆ, ಊರಲ್ಲಿ ಚಳಿ ಹೇಗುಂಟು?" ಆಮೇಲೆ ಇವರ ನೀರಿನ ಲೋಟಕ್ಕೆ ಮಾತ್ರ ದೊಡ್ಡದೊಂದು ಐಸಿನ ತುಂಡು ಹಾಕಿ ಕಳಿಸುತ್ತಿದ್ದರು. ಇವರು ಅದನ್ನು ಗೌರವವೆಂದೇ ತಿಳಿದಿದ್ದರು. ಈಗಲೂ ಹಾಗೆಯೇ ತಿಳಿದಿದ್ದಾರೆ.

ಇನ್ನು ಆ ಕೋಟು. ಪ್ರತಿ ವರ್ಷ ಮಳೆ ನಿಂತ ಮೇಲೆ ಟ್ರಂಕಿನಿಂದ ತೆಗೆದು ಚಾಳಿನ ಗ್ಯಾಲರಿಯಲ್ಲಿ ಬಿಸಿಲಿಗೆ ಹಾಕುವುದು ನನ್ನ ಕೆಲಸ. ಡಾಂಬರಿನ ಗುಳಿಗೆಯ ವಾಸನೆಗೆ ಎಡಬಲದ ಮನೆಯವರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಬಲತೋಳಿನಲ್ಲಿ ನುಸಿ ತಿಂದ ತೂತೊಂದು ವರ್ಷ ವರ್ಷ ದೊಡ್ಡದಾಗುತ್ತಿತ್ತು. ಯಾರಿಗಾದರೂ ಕೊಟ್ಟುಬಿಡೋಣ ಎಂದರೆ ಇವರು ನನ್ನನ್ನೇ ಯಾರಿಗಾದರೂ ಕೊಟ್ಟುಬಿಡುವವರ ಹಾಗೆ ನೋಡುತ್ತಿದ್ದರು. ಒಳಗೊಳಗೇ ನನಗೆ ಅಳುಕಿತ್ತು. ಮತ್ತೆ ಹೋಗುವುದು ಆಗದೇ ಹೋದರೆ ಈ ಮನುಷ್ಯ ಏನಾದಾನು ಎಂದು ಯೋಚನೆಯಾಗುತ್ತಿತ್ತು; ಆಗಿಬಿಟ್ಟರೆ ನಾನು ಏನಾದೇನು ಎಂದೂ ಆಗುತ್ತಿತ್ತು.

ಅಂತೂ ಒಂದು ಮಳೆಗಾಲದಲ್ಲಿ ಸುದ್ದಿ ಬಂತು. ಅದೇ ತಂಡ ಅದೇ ಬಯಲಿಗೆ ಮತ್ತೆ ಜನ ಕಳಿಸುತ್ತಿದೆ. ಹಿಂದೆ ಕೆಲಸ ಮಾಡಿದವರು ತಮ್ಮ ಕೆಲಸವನ್ನು ಚೊಕ್ಕವಾಗಿ ಬರೆದು ಕಳಿಸಿದರೆ ಯಾರನ್ನು ಕರೆಯಬೇಕೆಂದು ನೋಡುತ್ತಾರೆ. ಇವರು ತಮ್ಮ ಚೌಕದ ಚಿತ್ರವನ್ನೇ ಬರೆದು ಕಳಿಸುವುದೆಂದು ನಿಶ್ಚಯಿಸಿದರು. ಚಾದರಿನಷ್ಟು ಅಗಲದ ಗ್ರಾಫ್ ಕಾಗದ ತಂದರು. ಕಡ್ಡಿ ಬಿಟ್ಟ ಒಂದೊಂದು ಜಾಗಕ್ಕೂ ಒಂದು ಚುಕ್ಕಿ: ಕುಳ್ಳ ವಿಲ್ಲೋಗೆ ಹಸಿರು, ದಿಂಬಿನ ಹಾಗೆ ಉಬ್ಬಿ ಬೆಳೆಯುವ ಹೂಗಿಡಕ್ಕೆ ಕೆಂಪು, ಪಾಚಿಗೆ ಹಳದಿ, ಕಲ್ಲುಹೂವಿಗೆ ಕಪ್ಪು. ನಮ್ಮ ಮಸಾಲೆಗೆ ಹಾಕುವ ದಗಡಫೂಲ ಕೂಡ ಒಂದು ಜಾತಿಯ ಕಲ್ಲುಹೂವೇ. ಅದನ್ನು ಮೊದಲ ಸಲ ನನ್ನ ಮಸಾಲೆ ಡಬ್ಬಿಯಲ್ಲಿ ಕಂಡ ದಿನ ಇವರು ಬೀಗರು ಬಂದಷ್ಟು ಸಂಭ್ರಮಪಟ್ಟಿದ್ದರು. ಚಿತ್ರದ ಒಂದು ಮೂಲೆ ಮಾತ್ರ ಬಿಳಿಯಾಗಿಯೇ ಉಳಿಯಿತು. ಅಲ್ಲಿ ಬರೀ ಕೆಸರು, ಒಂದು ಗರಿಕೆಯೂ ಇರಲಿಲ್ಲ.

ಇಲ್ಲಿ ನನ್ನ ಅತ್ತೆಯ ರಂಗೋಲಿಯ ಬಗ್ಗೆ ಹೇಳಬೇಕು. ಬೆಳಿಗ್ಗೆ ನಲ್ಲಿ ಬರುವ ಮೊದಲೇ ಎದ್ದು ಹೊಸ್ತಿಲ ಮುಂದಿನ ಗ್ಯಾಲರಿಯನ್ನು ಒರೆಸಿ ಚುಕ್ಕಿ ಇಟ್ಟರೆಂದರೆ ಅಳತೆಗೋಲು ಇಟ್ಟು ಎಳೆದ ಹಾಗೆ ಸಾಲು. ಎಡಕ್ಕೆ ಏನಿದೆಯೋ ಬಲಕ್ಕೂ ಅದೇ ಇರಬೇಕು, ಮೇಲೆ ಏನಿದೆಯೋ ಕೆಳಗೂ ಅದೇ. ಹಾಲು ಉಕ್ಕಲಿ, ಬಾಗಿಲಿಗೆ ಯಾರೇ ಬರಲಿ, ಹಾಕುತ್ತಿದ್ದ ರಂಗೋಲಿ ಮುಗಿಯುವವರೆಗೆ ಏಳುತ್ತಿರಲಿಲ್ಲ. "ಅರ್ಧಾ ಬಿಟ್ಟ ರಂಗೋಲಿ ಮನಿಗೆ ಛಲೋ ಅಲ್ಲವಾ," ಎಂದು ನನಗೆ ಕಲಿಸಿದ ಮೊದಲ ಸಂಸಾರದ ಪಾಠ ಇದೇ.

ಚಿತ್ರ ಮುಗಿದ ಮರುದಿನ ಶುಕ್ರವಾರ. ಮಸಿ ಆರಲೆಂದು ಮಂಚದ ಮೇಲೆ ಹಾಸಿ, ನಾಲ್ಕು ಕಡೆ ಉಪ್ಪಿನಕಾಯಿ ಭರಣಿ ಇಟ್ಟು, ಆರಿದ ಮೇಲೆ ಸುತ್ತಿಡು ಎಂದು ನನಗೆ ಹೇಳಿ ಇವರು ಕಾಲೇಜಿಗೆ ಹೋದರು. ನಾನು ಸೀಮೆಎಣ್ಣೆಯ ಸಾಲಿಗೆ ನಿಲ್ಲಲು ಹೋದೆ. ಮನೆಯಲ್ಲಿ ಅತ್ತೆ ಒಬ್ಬರೇ. ಅವರು ಮಂಚದ ಮೇಲಿನ ಚುಕ್ಕಿಗಳನ್ನು ನೋಡಿದರು. ಮಗ ಇಷ್ಟು ದಿನ ಕಣ್ಣು ಹಾಳು ಮಾಡಿಕೊಂಡು ಕುಳಿತದ್ದು ಇದಕ್ಕೋ ಎಂದು ಹಿಗ್ಗಿದರು. ಆಮೇಲೆ ಖಾಲಿ ಮೂಲೆಯನ್ನು ನೋಡಿದರು. ಶುಕ್ರವಾರ, ಅರ್ಧಕ್ಕೆ ಬಿಟ್ಟ ರಂಗೋಲಿ, ಅದೂ ಸಮುದ್ರ ದಾಟಿ ಹೋಗುವಂಥದ್ದು. ಮಗನದೇ ಮಸಿ, ಮಗನದೇ ಲೇಖನಿ ತೆಗೆದುಕೊಂಡು, ಎದುರಿನ ಮೂಲೆಯಲ್ಲಿ ಏನಿತ್ತೋ ಅದನ್ನೇ ತಿರುವಿ ಇಲ್ಲಿ ತುಂಬಿಸಿದರು. ಇವರ ಚುಕ್ಕಿಗಿಂತ ಅವರ ಚುಕ್ಕಿ ದುಂಡಗಿತ್ತು. ನಾನು ಬರುವಷ್ಟರಲ್ಲಿ ಸುತ್ತಿ, ತಗಡಿನ ಕೊಳವೆಯಲ್ಲಿ ಹಾಕಿ, ಅದಕ್ಕೆ ಕುಂಕುಮವನ್ನೂ ಹಚ್ಚಿಯಾಗಿತ್ತು.

"ಆರಿತ್ತವಾ, ನಾನ ಸುತ್ತಿಟ್ಟೆ," ಎಂದರು. ಮೂಲೆ ತುಂಬಿಸಿದ್ದನ್ನು ಹೇಳಲಿಲ್ಲ. ಮುಚ್ಚಿಡಬೇಕೆಂದಲ್ಲ, ಊಟದಲ್ಲಿ ಉಪ್ಪು ಬಡಿಸಲು ಮರೆತರೆ ನೋಡಿದವರು ಬಡಿಸುತ್ತಾರೆ, ಅದನ್ನು ಯಾರೂ ಹೇಳಿಕೊಂಡು ತಿರುಗುವುದಿಲ್ಲ. ಇವರು ಸಂಜೆ ಬಂದು, ಎಷ್ಟು ಚೆಂದ ಸುತ್ತೀದಿ ಅವ್ವಾ ಎಂದು ಹೊಗಳಿ, ಬಿಚ್ಚದೆ ಟಪಾಲಿಗೆ ಹಾಕಿ ಬಂದರು.

ಮುಂದಿನ ಬೇಸಿಗೆಗೆ ಇವರಿಗೆ ಕರೆ ಬರಲಿಲ್ಲ. ಆ ವರ್ಷದ ಚಳಿಗಾಲದಲ್ಲಿ, ಅಂದರೆ ಮುಂಬಯಿ ಮಂದಿ ಚಳಿಗಾಲ ಎಂದು ಕರೆಯುವ ಆ ನಾಲ್ಕು ದಿನಗಳಲ್ಲಿ, ತಂಡದ ಹಿರಿಯರೊಬ್ಬರು ಎಲ್ಲಿಗೋ ಹೊರಟ ಹಡಗಿನಲ್ಲಿ ಮುಂಬಯಿಗೆ ಬಂದರು. ಹಡಗು ನಿಂತಿರುವಷ್ಟರಲ್ಲಿ ಇವರನ್ನು ಕಾಣಬೇಕೆಂದು ಕಾಲೇಜಿಗೆ ಹೇಳಿ ಕಳಿಸಿದರು. ಇವರು ಅವರನ್ನು ನೇರ ಕುರ್ಲಾಕ್ಕೆ ಊಟಕ್ಕೆ ಕರೆತಂದರು. ಚಾಳಿನ ಮೂರೂ ಮಹಡಿಯವರು ಗ್ಯಾಲರಿಗೆ ಬಂದು ನಿಂತು ನೋಡಿದರು. ಎತ್ತರದ ಮನುಷ್ಯ, ನರೆತ ಗಡ್ಡ, ಕಿವಿ ಎರಡೂ ಕೆಂಡದ ಹಾಗೆ ಕೆಂಪಗಾಗಿದ್ದವು. ಅಂಗಿ ಹಿಂಡಿದರೆ ಒಂದು ಚೆಂಬು ನೀರು ಬರುವಷ್ಟು ಬೆವರಿದ್ದರು.

"ಅಂವಗ ಕೆಳಗ ಕೂಡ್ಲಿಕ್ಕೆ ಬರ್ತದೇನು?" ಎಂದು ಅತ್ತೆ ಒಳಗಿನಿಂದ ಕೇಳಿದರು. ಬರುತ್ತಿರಲಿಲ್ಲ. ಒಂದರ ಮೇಲೆ ಇನ್ನೊಂದು ಮಣೆ ಇಟ್ಟು ಕೂಡಿಸಿದೆವು; ಆದರೂ ಮೊಣಕಾಲು ಗಡ್ಡಕ್ಕೆ ತಾಗುತ್ತಿತ್ತು. ಬದನೆಕಾಯಿ ಪಲ್ಯದ ಮಸಾಲೆಯಲ್ಲಿ ಕಲ್ಲುಹೂವಿದೆ ಎಂದು ಇವರು ಹೇಳಿದಾಗ ಅವರು ತಿನ್ನುವುದನ್ನು ನಿಲ್ಲಿಸಿ, ನಮ್ಮ ಕಡೆ ಇದನ್ನು ಹಿಮಸಾರಂಗಗಳು ತಿನ್ನುತ್ತವೆ ಎಂದರು. ಆಮೇಲೆ ಇನ್ನೊಮ್ಮೆ ಬಡಿಸಿಕೊಂಡರು.

ಊಟವಾದ ಮೇಲೆ ಅವರು ತಮ್ಮ ಚೀಲದಿಂದ ಆ ಚಿತ್ರವನ್ನು ತೆಗೆದು ನೆಲದ ಮೇಲೆ ಹಾಸಿದರು. ಮಾತು ಇಂಗ್ಲಿಷಿನಲ್ಲಿ ನಡೆಯಿತು. ಮ್ಯಾಟ್ರಿಕ್ ಓದಿದ್ದ ನನಗೆ ತಿಳಿಯುವಷ್ಟು ತಿಳಿಯಿತು. ಹೋದ ಬೇಸಿಗೆಯಲ್ಲಿ ನಮ್ಮವರಿಗೆ ನಿಮ್ಮ ನಾಲ್ಕೂ ಗೂಟ ಸಿಕ್ಕವು ಎಂದರು. ನನ್ನವರ ಕಣ್ಣಲ್ಲಿ ಆಗಲೇ ನೀರು. ಮೂರು ಮೂಲೆ ನೀವು ಬರೆದ ಹಾಗೆಯೇ ಇವೆ, ಎಷ್ಟು ಎಚ್ಚರದ ಕೆಲಸ ಎಂದರು. ಆದರೆ ಈ ನಾಲ್ಕನೆಯದು? ಬೆರಳು ಅತ್ತೆಯ ಮೂಲೆಯ ಮೇಲೆ ಬಂದು ನಿಂತಿತು. ನಿಮ್ಮ ಚಿತ್ರದಲ್ಲಿ ಇದು ಕಿಕ್ಕಿರಿದಿದೆ, ಈಗ ಅಲ್ಲಿ ಒಂದು ಗಿಡವೂ ಇಲ್ಲ, ಬರೀ ಕೆಸರು. ಇಷ್ಟು ಕಡಿಮೆ ವರ್ಷದಲ್ಲಿ ಇಷ್ಟು ಗಿಡ ಒಟ್ಟಿಗೆ ಸತ್ತದ್ದನ್ನು ನಾವು ಯಾರೂ ಕಂಡಿಲ್ಲ. ಆ ಮೂಲೆ ಜೀವಂತವಿದ್ದದ್ದನ್ನು ನೋಡಿದವರು ನೀವೊಬ್ಬರೇ. ನೀವು ಬರಲೇಬೇಕು, ನಮ್ಮವರಿಗೆ ಹೇಳಿ ನಾನು ಒಪ್ಪಿಸುತ್ತೇನೆ ಎಂದರು.

ನನ್ನವರು ಚಿತ್ರದ ಮೇಲೆ ಬಗ್ಗಿದರು. ಮುಖ ಬಿಳಿಚಿಕೊಂಡಿತು. ಆ ದುಂಡನೆಯ ಚುಕ್ಕಿಗಳು ತಮ್ಮ ಕೈಯವಲ್ಲ ಎಂದು ಗೊತ್ತಾಗಲು ಅವರಿಗೆ ಎಷ್ಟು ಹೊತ್ತು ಬೇಕು?

ಅಷ್ಟರಲ್ಲಿ ಅತ್ತೆ ಮಜ್ಜಿಗೆ ತಂದರು. ತಮ್ಮ ಕೈಕೆಲಸ ಸಮುದ್ರ ಸುತ್ತಿ ಬಂದು ತಮ್ಮದೇ ಮನೆಯ ನೆಲದ ಮೇಲೆ ಹಾಸಿಕೊಂಡಿರುವುದನ್ನು ಕಂಡು ಅವರಿಗೆ ಬಹಳ ಸಂತೋಷವಾಯಿತು.

"ಆ ಮೂಲಿ ನಾನ ತುಂಬಿಸೀನಿ," ಎಂದರು ಅತಿಥಿಗೆ, ನೇರ ಕನ್ನಡದಲ್ಲೇ. "ಇಂವಾ ಮರತು ಹಂಗ ಬಿಟ್ಟಿದ್ದ. ಛಲೋ ಕಾಣ್ತದಲ್ಲ?"

ಅತಿಥಿ ನಕ್ಕು ಕೈಮುಗಿದು, ಇವರ ಕಡೆ ತಿರುಗಿ ಕೇಳಿದರು: ತಾಯಿಯವರು ಏನು ಹೇಳುತ್ತಿದ್ದಾರೆ?

ಆ ಕೋಣೆಯಲ್ಲಿ ಕನ್ನಡ ಬಲ್ಲವರು ನಾವು ಮೂವರು. ಬದನೆಕಾಯಿ ಹೇಗಿತ್ತು ಅಂತ ಕೇಳ್ತಿದ್ದಾರೆ ಎಂದರೆ ಸಾಕು, ಟಂಡ್ರಾ ಇವರ ಕೈಯಲ್ಲಿತ್ತು. ನಾನು ಆ ಗಳಿಗೆಯಲ್ಲಿ ಮನೆದೇವರನ್ನು ನೆನೆದು, ಈ ಮನುಷ್ಯ ಜನ್ಮದಲ್ಲಿ ಒಂದೇ ಒಂದು ಸಲ ಸುಳ್ಳು ಹೇಳಲಿ ಎಂದು ಬೇಡಿಕೊಂಡೆ. ದೇವರು ಕೇಳಲಿಲ್ಲ.

"ಆ ಮೂಲೆಯನ್ನು ತಾನು ಬರೆದೆ ಎನ್ನುತ್ತಿದ್ದಾರೆ," ಎಂದರು ಇವರು ಇಂಗ್ಲಿಷಿನ ಒಂದೊಂದೇ ಪದ ಇಡುತ್ತ. "ನಾನು ನೋಡಿದಾಗಲೂ ಅದು ಖಾಲಿಯೇ ಇತ್ತು."

ಹಿರಿಯರು ಆ ದುಂಡು ಚುಕ್ಕಿಗಳ ಮೇಲೆ ಬೆರಳಾಡಿಸಿದರು. ಯಾಕೆ ಬರೆದರಂತೆ ಎಂದು ಕೇಳಿದರು. ಖಾಲಿ ಬಿಡಬಾರದು, ಅಷ್ಟೇ, ಎಂದರು ಅತ್ತೆ. ಅದನ್ನೂ ಇವರು ಹಾಗೆಯೇ ಹೇಳಿದರು. ಹಾಗಾದರೆ ಅಲ್ಲಿ ಏನೂ ಸತ್ತಿಲ್ಲ ಎಂದರು ಹಿರಿಯರು. ಇಲ್ಲ ಎಂದರು ಇವರು. ಹಾಗಾದರೆ ನಿಮ್ಮನ್ನು ಕರೆಸಲು ನನ್ನ ಹತ್ತಿರ ಕಾರಣವೂ ಉಳಿಯಲಿಲ್ಲ ಎಂದರು. ಸಿಟ್ಟಿನಿಂದಲ್ಲ, ಬೇಸರದಿಂದ ಹೇಳಿದರು. ಚಿತ್ರವನ್ನು ಅಲ್ಲಿಯೇ ಬಿಟ್ಟು, ಅತ್ತೆಗೆ ಮತ್ತೊಮ್ಮೆ ಕೈಮುಗಿದು ಹೊರಟರು. ಇವರು ಸ್ಟೇಷನ್ನಿನವರೆಗೆ ಹೋಗಿ ಲೋಕಲ್ಲಿಗೆ ಹತ್ತಿಸಿ ಬಂದರು.

"ಹೋಗೂ ಮುಂದ ಏನಂದ್ರೋ ಅವರು?" ಎಂದರು ಅತ್ತೆ.

"ಬದನೀಕಾಯಿ ಭಾಳ ಛಲೋ ಆಗಿತ್ತಂತ, ಅವ್ವಾ."

ಪರದೇಶದವರಿಗೆ ಹೇಳದ ಸುಳ್ಳನ್ನು ತಾಯಿಗಾಗಿ ಉಳಿಸಿಕೊಂಡಿದ್ದರು.

ಅಂದಿನಿಂದ ಮನೆಯಲ್ಲಿ ಟಂಡ್ರಾದ ಸುದ್ದಿ ನಿಂತುಹೋಯಿತು. ಸಾರು ಬಡಿಸಿದರೆ "ಉಪ್ಪ ಕಡಿಮಿ ಆಗ್ಯದ" ಎಂದು ಒಂದೇ ಮಾತಿಗೆ ಮುಗಿಸಿ ಉಂಡು ಏಳುತ್ತಿದ್ದರು. ಸಾರು ಬಿಸಿಯಾಗಿಯೇ ಮುಗಿಯುತ್ತಿತ್ತು. ಇಷ್ಟು ವರ್ಷ ಯಾವುದಕ್ಕಾಗಿ ಹರಕೆ ಹೊತ್ತಂತೆ ಕಾದಿದ್ದೆನೋ ಅದು ಸಿಕ್ಕಿತ್ತು, ಮತ್ತು ನನಗೆ ಅದನ್ನು ತಾಳಲಾಗಲಿಲ್ಲ. ಅತ್ತೆಗೂ ಆಗಲಿಲ್ಲ.

"ಏನ ಹುಡುಗಿ, ಇಂವಾ ಆ ಸೊಳ್ಳಿ ಊರು ಮರತಾನೇನು?" ಎಂದು ಒಂದು ಮಧ್ಯಾಹ್ನ ಕೇಳಿದರು.

ನಾನು ಎಲ್ಲವನ್ನೂ ಹೇಳಿದೆ. ಮಗ ಹೇಳದೆ ಮುಚ್ಚಿಟ್ಟದ್ದನ್ನು ಸೊಸೆ ಹೇಳಬಾರದಿತ್ತು ಎಂದು ಯಾರಾದರೂ ಅಂದರೆ ಅನ್ನಲಿ. ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಅತ್ತೆ ಬತ್ತಿ ಹೊಸೆಯುವುದನ್ನು ನಿಲ್ಲಿಸಿದರು. ಬೈಯಬಹುದೆಂದು ಕಾದೆ.

"ಖಾಲಿ ಬಿಡೂದೂ ಒಂದು ಕೆಲಸಾ ಅಂತ ನನಗ ಯಾರ ಹೇಳಿದ್ರವಾ?" ಎಂದರು.

ಮರುದಿನ ಬೆಳಿಗ್ಗೆ ಹಾಲಿನವನಿಗೆ ಬಾಗಿಲು ತೆರೆದವಳು ಹಾಗೆಯೇ ನಿಂತೆ. ಹೊಸ್ತಿಲ ಮುಂದೆ ದಿನದ ರಂಗೋಲಿ ಇತ್ತು. ಚುಕ್ಕಿ, ಎಳೆ, ಬಳ್ಳಿ ಎಲ್ಲ ಇತ್ತು, ಮೂರು ಮೂಲೆಯ ಮಟ್ಟಿಗೆ. ನಾಲ್ಕನೆಯ ಮೂಲೆಯಲ್ಲಿ ಬರೀ ಒರೆಸಿದ ನೆಲ. ಯಾವ ಕೈ ಹಾಲು ಉಕ್ಕಿದರೂ ಅರ್ಧಕ್ಕೆ ನಿಂತಿರಲಿಲ್ಲವೋ ಆ ಕೈ ಅಲ್ಲಿಗೆ ನಿಂತಿತ್ತು. ಪಕ್ಕದ ಮನೆಯ ಮರಾಠಿಯವಳು ಬಂದು, "ಆಜೀ, ರಾಂಗೋಳಿ ಅರ್ಧೀಚ ಕಾ?" ಎಂದಳು, ಅರ್ಧವೇ ಯಾಕೆ ಎಂದು. ಅತ್ತೆ ತಮ್ಮ ಕನ್ನಡದಲ್ಲೇ ಉತ್ತರ ಕೊಟ್ಟರು: "ಆ ಮೂಲ್ಯಾಗ ಏನೂ ಬೆಳ್ಯೂದಿಲ್ಲ."

ಇವರು ಅದನ್ನು ನೋಡಿದರು, ದಾಟಿ ಹೋದರು. ಅದರ ಮರುದಿನವೂ ಅಷ್ಟೇ. ವಿನ್ಯಾಸ ದಿನಕ್ಕೊಂದು, ಖಾಲಿ ಮೂಲೆ ಅದೇ. ಚಾಳಿನಲ್ಲಿ ತರತರದ ಮಾತು ಹುಟ್ಟಿತು: ಸೊಸೆಯ ಮೇಲಿನ ಸಿಟ್ಟು ಎಂದರು ಕೆಲವರು, ಅಜ್ಜಿಯ ಕಣ್ಣು ಮಂಜಾಗಿದೆ ಎಂದರು ಕೆಲವರು. ಅತ್ತೆ ಯಾವುದಕ್ಕೂ ಸೊಪ್ಪು ಹಾಕಲಿಲ್ಲ.

ಹೀಗೆಯೇ ಒಂದು ದಿನ ಇವರು ಕಾಲೇಜಿಗೆಂದು ಹೊರಟು, ಒಂದು ಕಾಲಿಗೆ ಚಪ್ಪಲಿ ಮೆಟ್ಟಿ, ಇನ್ನೊಂದನ್ನು ಕೈಯಲ್ಲಿ ಹಿಡಿದು, ಆ ಮೂಲೆಯನ್ನೇ ನೋಡುತ್ತ ನಿಂತುಬಿಟ್ಟರು. ಲೋಕಲ್ಲು ತಪ್ಪಿತು, ಅದರ ನಂತರದ್ದೂ ತಪ್ಪಿತು.

"ಅಲ್ಲ," ಎಂದರು ತಮಗೆ ತಾವೇ, "ಅವಾಗೂ ಖಾಲಿ, ಈಗೂ ಖಾಲಿ. ಸುತ್ತಲಿಂದ ಬೀಜಾ ಬೀಳ್ತಾವ. ಅದೇ ಬಿಸಲು, ಅದೇ ನೀರು. ಅಲ್ಲಿ ಒಂದೂ ಯಾಕ ಹತ್ತೂದಿಲ್ಲ?" ನನ್ನ ಕಡೆ ತಿರುಗಿದರು. "ಇದನ್ನ ನಾ ಕೇಳೇ ಇಲ್ಲಲ್ಲ! ಖಾಲಿ ಅಂತ ಬರದು ಮುಂದ ಹೋದೆ!"

ಕಾಲೇಜಿಗೆ ಅಂದು ಹೋಗಲೇ ಇಲ್ಲ. ಕೂತು ಆ ಹಿರಿಯರಿಗೆ ಬರೆದರು. ಏನೂ ಸತ್ತಿಲ್ಲದಿರುವುದೇ ಪ್ರಶ್ನೆ. ಇಷ್ಟು ವರ್ಷ ಏನೂ ಹುಟ್ಟದೆ ಇರಲು ಅಲ್ಲಿ ನೆಲದ ಕೆಳಗೆ ಏನು ನಡೆಯುತ್ತಿದೆ ಎಂದು ನೋಡಬೇಡವೇ ಎಂದು. ಸಂಜೆ ಸಾರು ಬಡಿಸಿದಾಗ ಉಪ್ಪಿನಿಂದ ಹಿಮಕ್ಕೆ ಹೋದರು, ಹಿಮದಿಂದ ಕೆಸರಿಗೆ ಹೋದರು. ಸಾರು ಆರಿ ತಣ್ಣಗಾಯಿತು. ನಾನೂ ಅತ್ತೆಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಯುಗಾದಿಯ ಹೊತ್ತಿಗೆ ಉತ್ತರ ಬಂತು: ಬಂದು ನೀವೇ ಅಗೆದು ನೋಡಿ.

ನನಗೆ ಹೆಮ್ಮೆಯಾಯಿತು, ಹೆದರಿಕೆಯೂ ಆಯಿತು, ಒಂದಿಷ್ಟು ಹೊಟ್ಟೆಕಿಚ್ಚೂ ಆಯಿತು. ಅಂಗೈಯಗಲ ಕೆಸರು ನನ್ನ ಗಂಡನನ್ನು ಕರೆಯುತ್ತಿದೆ, ಮತ್ತು ಇವರು ಓಡುತ್ತಿದ್ದಾರೆ. ಅತ್ತೆ ಮಾತ್ರ ಕೇಳಿದ್ದು ಒಂದೇ, ಶೇಂಗಾ ಚಟ್ನಿ ಅಲ್ಲಿಯವರೆಗೆ ಕೆಡದೆ ಇರುತ್ತದೋ ಇಲ್ಲವೋ ಎಂದು. ಅಷ್ಟು ಚಳಿಯಲ್ಲಿ ಕೆಡಲು ಅದಕ್ಕೆ ಪುರುಸೊತ್ತಾದರೂ ಎಲ್ಲಿ ಎಂದೆ. ಅತ್ತೆ ನಗಲಿಲ್ಲ.

ಅಲ್ಲಿಯ ಬೇಸಿಗೆಗೆ ಮುಟ್ಟಬೇಕೆಂದರೆ ಇಲ್ಲಿಯ ಬೇಸಿಗೆಯಲ್ಲೇ ಹೊರಡಬೇಕು. ಬೆಂಕಿ ಸುರಿಯುವ ಆ ದಿನ ಬೆಳಿಗ್ಗೆ ಕೋಟು ಟ್ರಂಕಿನಲ್ಲಿ ಹಿಡಿಸಲಿಲ್ಲ. ಚಟ್ನಿ, ಹುರಿಹಿಟ್ಟು, ಚಕ್ಕುಲಿಗಳು ಅದರ ಜಾಗವನ್ನು ತಿಂದಿದ್ದವು. ಹಾಗಾಗಿ ಇವರು ಅದನ್ನು ಮೈಮೇಲೆ ಹಾಕಿಕೊಂಡೇ ಹೊರಟರು. ನುಸಿ ತಿಂದ ತೂತಿಗೆ ನಾನು ಬೇರೆ ಬಣ್ಣದ ದಾರದಲ್ಲಿ ತೇಪೆ ಹಾಕಿದ್ದೆ. ಹೊಸ್ತಿಲು ದಾಟುವ ಮೊದಲೇ ಬೆವರು ಗಡ್ಡದ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಚಾಳಿಗೆ ಚಾಳೇ ಗ್ಯಾಲರಿಯಲ್ಲಿ ನೆರೆದಿತ್ತು. ಯಾರೂ ನಗದಿರಲು ಬಹಳ ಕಷ್ಟಪಡುತ್ತಿದ್ದರು. ಗಡ್ಡವೆಲ್ಲಿ ಇತ್ತು, ಬರೀ ಗಲ್ಲ ಎಂದು ಈಗ ಇದನ್ನು ಓದುತ್ತ ಅವರು ತಕರಾರು ಮಾಡುತ್ತಿದ್ದಾರೆ. ಆ ವಾರ ನೀವು ಗಡ್ಡ ಬೋಳಿಸುವುದನ್ನೇ ಮರೆತಿದ್ದಿರಿ ಎಂದು ಅವರಿಗೆ ನೆನಪಿಸಿದ್ದೇನೆ.

ಅಂದಿನ ರಂಗೋಲಿ ಬಾಗಿಲಿನ ಅಗಲಕ್ಕೂ ಹರಡಿತ್ತು. ಅತ್ತೆ ಅಷ್ಟು ದೊಡ್ಡದನ್ನು ಹಬ್ಬಕ್ಕೂ ಹಾಕಿರಲಿಲ್ಲ. ಎಲ್ಲಿ ಕಾಲಿಟ್ಟರೂ ತುಳಿಯಬೇಕು. ಚೌಕದೊಳಗೆ ಕಾಲಿಡಬಾರದು ಎಂದು ವಿದ್ಯಾರ್ಥಿಗಳಿಗೆ ಜನ್ಮವೆಲ್ಲ ಹೇಳಿಕೊಂಡು ಬಂದವರು ಟ್ರಂಕು ಹಿಡಿದುಕೊಂಡು ಹೊಸ್ತಿಲ ಮೇಲೆ ತಬ್ಬಿಬ್ಬಾಗಿ ನಿಂತರು.

"ಕಾಲು ಅಲ್ಲಿಡು," ಎಂದರು ಅತ್ತೆ, ಖಾಲಿ ಮೂಲೆಯನ್ನು ತೋರಿಸಿ. "ಆ ಜಾಗಾ ನಿನಗಂತ ಬಿಟ್ಟೀನಿ."

ಇವರು ಬಗ್ಗಿ ತಾಯಿಯ ಕಾಲು ಮುಟ್ಟಿ, ಆ ಮೂಲೆಯಲ್ಲಿ ಕಾಲಿಟ್ಟು ಇಳಿದು ಹೋದರು. ಬೂಟಿನ ಅಂಚಿಗೆ ಹತ್ತಿದ ಬಿಳಿ ಪುಡಿ ಅಲ್ಲಿ ಒಂದು ಗುರುತು ಬಿಟ್ಟಿತ್ತು.

ಹಡಗುಕಟ್ಟೆಯಿಂದ ನಾನು ತಿರುಗಿ ಬರುವಾಗ ಮಧ್ಯಾಹ್ನ ದಾಟಿತ್ತು. ಅತ್ತೆ ಹೊಸ್ತಿಲ ಮೇಲೆಯೇ ಕುಳಿತಿದ್ದರು. ಅವರಿಗೆ ಸಮಾಧಾನವಾಗಲೆಂದು ರಂಗೋಲಿ ಬಟ್ಟಲು ತಂದು, ಇನ್ನು ಈ ಮೂಲೆ ತುಂಬಿಸಲೇನ್ರಿ ಅತ್ತೀ ಎಂದು ಕೇಳಿದೆ. ಅವರು ನನ್ನ ಕೈ ಹಿಡಿದರು.

"ಬ್ಯಾಡ. ಅಂವಾ ತಿರುಗಿ ಬಂದು ಕಾಲಿಡೂ ತನಕಾ ಅಲ್ಲಿ ಏನೂ ಬೆಳ್ಯೂದು ಬ್ಯಾಡ."

ನಾನು ಬಟ್ಟಲನ್ನು ಕೆಳಗಿಟ್ಟು ಅವರ ಪಕ್ಕದಲ್ಲಿ ಕುಳಿತೆ.